ಒಂದೇ ಫೋಟೊ ನೋಡಿ ಗಿಡದ ಹೆಸರು ಹೇಳಬಹುದೆ? ಮನೆ ಹತ್ತಿರದ ಕಾಡುಹೂವು, ಹುಲ್ಲುಗಳ ಫೋಟೊ ತೆಗೆಯುವ ಸರಿಯಾದ ಕ್ರಮ

ಸಂಕ್ಷಿಪ್ತವಾಗಿ

- ಹೂವಿನ ಒಂದೇ ಒಂದು ಫೋಟೊದಿಂದ ಬಹಳಷ್ಟು ಗಿಡಗಳನ್ನು ಖಚಿತವಾಗಿ ಗುರುತಿಸಲು ಆಗುವುದಿಲ್ಲ. ಕನಿಷ್ಠ ಐದು ಫೋಟೊ ಬೇಕು.
- ವಾಟ್ಸಾಪ್‌ನಲ್ಲಿ ಬಂದ ಫೋಟೊದಲ್ಲಿ ಅದನ್ನು ಎಲ್ಲಿ, ಯಾವಾಗ ತೆಗೆದದ್ದು ಎಂಬ ಮಾಹಿತಿ ಸಾಮಾನ್ಯವಾಗಿ ಉಳಿದಿರುವುದಿಲ್ಲ.
- ಆ್ಯಪ್ ಹೇಳುವ ಹೆಸರು ಒಂದು ಊಹೆ ಮಾತ್ರ. ಅದನ್ನು ನಂಬಿ ಯಾವ ಸೊಪ್ಪನ್ನೂ ತಿನ್ನಬೇಡಿ, ಔಷಧಿ ಮಾಡಿಕೊಳ್ಳಬೇಡಿ.

"ಈ ಗಿಡ ನಿಮ್ಮ ಮನೆ ಮುಂದೆ ಇದ್ದರೆ ಕಿತ್ತು ಎಸೆಯಬೇಡಿ, ಸಕ್ಕರೆ ಕಾಯಿಲೆಗೆ ರಾಮಬಾಣ" ಎಂಬ ಮೆಸೇಜ್ ನಿಮಗೂ ಬಂದಿರಬಹುದು. ಜೊತೆಗೆ ಒಂದು ಫೋಟೊ: ಹಸಿರು ಎಲೆ, ಚಿಕ್ಕ ಹೂವು, ಹಿಂದೆಲ್ಲ ಮಸುಕು. ಅದನ್ನು ಹಿಡಿದುಕೊಂಡು ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಒಂದು ಸುತ್ತು ಹಾಕಿದರೆ ಹಾಗೆಯೇ ಕಾಣುವ ಗಿಡಗಳು ಕಾಂಪೌಂಡ್ ಗೋಡೆಯ ಬುಡದಲ್ಲಿ, ಚರಂಡಿಯ ಅಂಚಿನಲ್ಲಿ, ಖಾಲಿ ನಿವೇಶನದಲ್ಲಿ ಹಲವು ಸಿಗುತ್ತವೆ. ಮೆಸೇಜ್‌ನಲ್ಲಿ ಹೇಳಿದ್ದು ಅವುಗಳಲ್ಲಿ ಯಾವುದು? ಫೋಟೊ ಅದನ್ನು ಹೇಳುವುದಿಲ್ಲ.

ಮನೆ ಹತ್ತಿರದ ಗಿಡಗಳ ಫೋಟೊ ತೆಗೆಯುವುದು ಒಳ್ಳೆಯ ಹವ್ಯಾಸ, ಖರ್ಚೂ ಇಲ್ಲ. ಸರಿಯಾಗಿ ತೆಗೆದರೆ ನಿಮ್ಮ ಫೋಟೊ ನಿಮ್ಮ ಊರಿನ ಸಸ್ಯಗಳ ಬಗ್ಗೆ ಒಂದು ದಾಖಲೆಯಾಗುತ್ತದೆ. ತಪ್ಪಾಗಿ ತೆಗೆದು ಹಂಚಿದರೆ ಅದೇ ಫೋಟೊ ಇನ್ನೊಂದು ಸುಳ್ಳು ಫಾರ್ವರ್ಡ್‌ಗೆ ಬಂಡವಾಳವಾಗುತ್ತದೆ.

'ಅಪರೂಪದ ಹೂವು' ಎಂಬ ಫಾರ್ವರ್ಡ್‌ಗಳು

ಹಿಮಾಲಯದಲ್ಲಿ 36 ವರ್ಷಗಳಿಗೊಮ್ಮೆ ಅರಳುವ 'ನಾಗಪುಷ್ಪ' ಎಂದು ಹಾವಿನ ಹೆಡೆಯಂತಿರುವ ಒಂದು ಚಿತ್ರ ವರ್ಷಗಳಿಂದ ಓಡಾಡುತ್ತಿದೆ. ಆ ಚಿತ್ರದಲ್ಲಿ ಇರುವುದು ಹೂವೂ ಅಲ್ಲ, ಗಿಡವೂ ಅಲ್ಲ. ಅದು 'ಸೀ ಪೆನ್' ಎಂಬ ಸಮುದ್ರಜೀವಿ, ಹವಳದ ಬಂಧು.

ಇನ್ನೊಂದು '3000 ವರ್ಷಗಳಿಗೊಮ್ಮೆ ಅರಳುವ ಉದುಂಬರ ಹೂವು'. ಕೂದಲಿನಷ್ಟು ತೆಳುವಾದ ಬಿಳಿ ದಂಟು, ತುದಿಯಲ್ಲಿ ಪುಟ್ಟ ಬಿಳಿ ಮೊಗ್ಗು. ಕಬ್ಬಿಣದ ಗೇಟಿನ ಮೇಲೂ ಕಾಣಿಸಿಕೊಳ್ಳುವುದರಿಂದ ಜನ ಪವಾಡ ಎನ್ನುತ್ತಾರೆ. ವಾಸ್ತವದಲ್ಲಿ ಇವು 'ಲೇಸ್‌ವಿಂಗ್' ಎಂಬ ಕೀಟದ ಮೊಟ್ಟೆಗಳು. ಈ ಕೀಟ ಒಂದೊಂದು ಮೊಟ್ಟೆಯನ್ನೂ ಒಂದು ತೆಳು ಎಳೆಯ ತುದಿಯಲ್ಲಿ ಇಡುತ್ತದೆ. ಅದರ ಮರಿಗಳು ಬೆಳೆಗೆ ಹತ್ತುವ ಹೇನುಗಳನ್ನು ತಿನ್ನುವುದರಿಂದ ರೈತರಿಗೆ ಉಪಕಾರಿ.

ಹಾಗೆಂದು ವರ್ಷಗಟ್ಟಲೆ ಕಾದು ಅರಳುವ ಹೂವೇ ಇಲ್ಲ ಎಂದಲ್ಲ. ಪಶ್ಚಿಮ ಘಟ್ಟದ ನೀಲಕುರಿಂಜಿ 12 ವರ್ಷಕ್ಕೊಮ್ಮೆ ಸಾಮೂಹಿಕವಾಗಿ ಅರಳುತ್ತದೆ. ಅದು ನಿಜವೆಂದು ನಮಗೆ ಗೊತ್ತಾಗಿದ್ದು ಯಾವ ವರ್ಷ, ಯಾವ ಬೆಟ್ಟದಲ್ಲಿ ಅರಳಿತು ಎಂದು ಜನ ಬರೆದಿಟ್ಟಿದ್ದರಿಂದ. ಫಾರ್ವರ್ಡ್‌ನಲ್ಲಿ ಇಲ್ಲದೇ ಇರುವುದು ಇದೇ ದಾಖಲೆ.

ಎಲ್ಲಿ ನೋಡಬೇಕು, ಯಾವಾಗ ನೋಡಬೇಕು?

ಕಾಡಿಗೆ ಹೋಗಬೇಕಿಲ್ಲ. ಕಲಬುರಗಿ ನಗರದಲ್ಲಿ ಖಾಲಿ ನಿವೇಶನ, ಕೋಟೆಯ ಸುತ್ತಲಿನ ಬಯಲು, ಶರಣಬಸವೇಶ್ವರ ಕೆರೆಯ ದಂಡೆ, ಜ್ಞಾನಗಂಗಾದ ವಿಶ್ವವಿದ್ಯಾಲಯದ ಆವರಣ ಸಾಕು. ಕಮಲಾಪುರದ ಕಡೆಯವರಾದರೆ ತೊಗರಿ ಹೊಲದ ಒಡ್ಡು, ಕೆಂಬಾಳೆ ತೋಟದ ಕಾಲುದಾರಿ, ಹುಮನಾಬಾದ್ ರಸ್ತೆಯ ಅಂಚು ನೋಡಿ. ಉಳುಮೆ ಮುಟ್ಟದ ಒಡ್ಡಿನ ಮೇಲೆ ಸಿಗುವಷ್ಟು ಬಗೆ ಹೊಲದ ಒಳಗೆ ಸಿಗುವುದಿಲ್ಲ.

ಜೂನ್‌ನಲ್ಲಿ ಮಳೆ ಬಿದ್ದು ಎರಡು ಮೂರು ವಾರಕ್ಕೆ ಸಸಿಗಳು ಏಳುತ್ತವೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಹೂವು, ಹುಲ್ಲಿನ ತೆನೆ ಎರಡಕ್ಕೂ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಎಲ್ಲ ಒಣಗಿದಾಗಲೂ ಎಕ್ಕೆ, ತಂಗಡಿಯಂಥ ಗಟ್ಟಿ ಗಿಡಗಳು ಉಳಿದಿರುತ್ತವೆ.

ಹೊತ್ತೂ ಮುಖ್ಯ. ವಿಷ್ಣುಕ್ರಾಂತಿಯ ಪುಟ್ಟ ನೀಲಿ ಹೂವು ಬೆಳಿಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುದುಡುತ್ತದೆ. ಗೋಳಿ ಪಲ್ಲೆಯ ಹಳದಿ ಹೂವಿಗೆ ಬಿಸಿಲು ಬೇಕು, ಅದೂ ಕೆಲವೇ ತಾಸು. ದತ್ತೂರ ಸಂಜೆಗೆ ಬಿರಿಯುತ್ತದೆ. ಆಫೀಸ್ ಮುಗಿಸಿ ಸಂಜೆ ಹೊರಟರೆ "ಇಲ್ಲಿ ಏನೂ ಇಲ್ಲ" ಎನಿಸುವುದಕ್ಕೆ ಇದೇ ಕಾರಣ. ಬೆಳಿಗ್ಗೆ ಏಳರಿಂದ ಹತ್ತರ ನಡುವೆ ಗಾಳಿಯೂ ಕಡಿಮೆ, ಬೆಳಕೂ ಮೆದು.

ಒಂದು ಎಚ್ಚರಿಕೆ: ರೈಲು ಹಳಿಯ ಜಲ್ಲಿಕಲ್ಲಿನ ನಡುವೆ ಚೆಂದದ ಹೂವು ಕಂಡರೂ ಇಳಿಯಬೇಡಿ. ಅನುಮತಿ ಇಲ್ಲದೆ ಹಳಿಗೆ ಇಳಿಯುವುದು 1989ರ ರೈಲ್ವೆ ಕಾಯ್ದೆಯ ಪ್ರಕಾರ ಅಪರಾಧ. ಪ್ರಾಣಾಪಾಯವಂತೂ ಇದ್ದೇ ಇದೆ. ಅದೇ ಗಿಡ ಹೊರಗಿನ ರಸ್ತೆಯ ಬದಿಯಲ್ಲೂ ಬಹುತೇಕ ಸಿಗುತ್ತದೆ.

ಐದು ಫೋಟೊಗಳ ಕ್ರಮ

ಸಸ್ಯಶಾಸ್ತ್ರಜ್ಞರು ಗಿಡವನ್ನು ಗುರುತಿಸುವಾಗ ಹೂವಿನ ಬಣ್ಣಕ್ಕಿಂತ ಎಲೆ ಕಾಂಡಕ್ಕೆ ಹೇಗೆ ಸೇರಿದೆ, ಕಾಯಿ ಹೇಗಿದೆ, ರೋಮ ಇದೆಯೆ ಎಂಬುದನ್ನು ನೋಡುತ್ತಾರೆ. ಅದಕ್ಕೇ ಪ್ರತಿ ಗಿಡಕ್ಕೂ ಇಷ್ಟು ತೆಗೆಯಿರಿ:

1. ಇಡೀ ಗಿಡ. ನೆಟ್ಟಗೆ ನಿಂತಿದೆಯೆ, ನೆಲಕ್ಕೆ ಹಬ್ಬಿದೆಯೆ, ಬಳ್ಳಿಯೆ ಎಂಬುದು ಕಾಣಬೇಕು. ಸುತ್ತಲಿನ ನೆಲವೂ ಸ್ವಲ್ಪ ಬರಲಿ.
2. ಹೂವು ಎದುರಿನಿಂದ. ಎಸಳು ಎಷ್ಟು, ಒಳಗಿನ ಕೇಸರಗಳು ಹೇಗಿವೆ ಎಂಬುದು ತಿಳಿಯುವಂತೆ.
3. ಹೂವು ಪಕ್ಕದಿಂದ, ತೊಟ್ಟಿನ ಸಮೇತ. ಹೂವಿನ ಹಿಂಬದಿಯ ಹಸಿರು ಪುಷ್ಪಪಾತ್ರೆ ಎಷ್ಟೋ ಸಲ ಜಾತಿಯನ್ನು ಹೇಳಿಬಿಡುತ್ತದೆ. ಬಹಳ ಜನ ಬಿಡುವ ಫೋಟೊ ಇದು.
4. ಎಲೆ: ಮೇಲ್ಬದಿ, ಕೆಳಬದಿ, ಕಾಂಡಕ್ಕೆ ಸೇರುವ ಜಾಗ. ಎಲೆಗಳು ಎದುರುಬದುರಾಗಿವೆಯೆ, ಒಂದಾದ ಮೇಲೊಂದು ಇವೆಯೆ ನೋಡಿ.
5. ಕಾಯಿ ಅಥವಾ ಬೀಜ. ಹೂವು ಇರುವಾಗಲೇ ಕೆಳಗಿನ ಕೊಂಬೆಯಲ್ಲಿ ಕಾಯಿ ಸಿಗುವುದು ಸಾಮಾನ್ಯ.

ಒಂದು ಫೋಟೊದಲ್ಲಿ ಹತ್ತು ರೂಪಾಯಿ ನಾಣ್ಯ ಪಕ್ಕದಲ್ಲಿಡಿ. ಅದರ ಅಗಲ 27 ಮಿಲಿಮೀಟರ್. ಒಂದು, ಎರಡು, ಐದು ರೂಪಾಯಿಯ ನಾಣ್ಯಗಳ ಅಳತೆ ಹಳೆಯದಕ್ಕೂ ಹೊಸದಕ್ಕೂ ಬೇರೆ ಬೇರೆ ಇರುವುದರಿಂದ ಅವು ಅಳತೆಗೆ ಅನುಕೂಲವಲ್ಲ. ಹತ್ತಿರದಿಂದ ತೆಗೆದಾಗ ಸಾಸಿವೆಯಷ್ಟು ಹೂವೂ ಸೂರ್ಯಕಾಂತಿಯಷ್ಟು ಕಾಣುತ್ತದೆ. ನಾಣ್ಯ ಆ ಭ್ರಮೆ ತೆಗೆಯುತ್ತದೆ.

ಹುಲ್ಲಿಗೂ ಹೂವಿದೆ

ತಪ್ಪು ನಂಬಿಕೆ: ಹುಲ್ಲಿಗೆ ಹೂ ಬಿಡುವುದಿಲ್ಲ.

ವಾಸ್ತವ: ಬಿಡುತ್ತದೆ. ಜೋಳ, ಸಜ್ಜೆ, ಭತ್ತ, ಗೋಧಿ, ಕಬ್ಬು ಎಲ್ಲವೂ ಹುಲ್ಲಿನ ಕುಟುಂಬಕ್ಕೇ ಸೇರಿದವು. ಇವುಗಳ ಪರಾಗ ಮುಖ್ಯವಾಗಿ ಗಾಳಿಯಲ್ಲಿ ಹೋಗುತ್ತದೆ. ಜೇನುಹುಳವನ್ನು ಕರೆಯುವ ಅಗತ್ಯ ಇಲ್ಲದ್ದರಿಂದ ಬಣ್ಣದ ಎಸಳುಗಳೂ ಇಲ್ಲ. ಬೆಳಿಗ್ಗೆ ತೆನೆಯನ್ನು ಹತ್ತಿರದಿಂದ ನೋಡಿದರೆ ನೇತಾಡುವ ಪುಟ್ಟ ಹಳದಿ ಅಥವಾ ನೇರಳೆ ಚೀಲಗಳು ಕಾಣುತ್ತವೆ. ಅವೇ ಪರಾಗಕೋಶಗಳು. ಪಕ್ಕದಲ್ಲಿ ಗರಿಯಂಥ ಶಲಾಕಾಗ್ರವೂ ಇರುತ್ತದೆ.

ಹುಲ್ಲಿನ ಫೋಟೊಗೆ ಮೂರು ಜಾಗ ಮುಖ್ಯ: ಪೂರ್ತಿ ತೆನೆ, ಕಾಂಡದ ಗಿಣ್ಣು, ಮತ್ತು ಎಲೆ ಕಾಂಡವನ್ನು ಬಿಟ್ಟು ಹೊರಳುವ ಸಂದು. ಆ ಸಂದಿನಲ್ಲಿ ತೆಳು ಪೊರೆಯೋ ಕೂದಲಿನ ಸಾಲೋ ಇರುತ್ತದೆ. ಹುಲ್ಲು ಬಲ್ಲವರು ಮೊದಲು ಕೇಳುವ ಫೋಟೊಗಳಲ್ಲಿ ಇದೂ ಒಂದು.

ಗಣೇಶನಿಗೆ ಏರಿಸುವ ಕರಕಿಯನ್ನೇ ತೆಗೆದುಕೊಳ್ಳಿ. ಅದರ ತೆನೆ ಒಂದೇ ಬಿಂದುವಿನಿಂದ ಹೊರಟ ಸಣ್ಣ ಬೆರಳುಗಳಂತೆ ಇರುತ್ತದೆ. ಹಾಗೆಯೇ ಬೆರಳು ಚಾಚುವ ಇನ್ನೊಂದು ಹುಲ್ಲೂ ನಮ್ಮ ಬೀದಿಗಳಲ್ಲಿ ಬೆಳೆಯುತ್ತದೆ. ಅದರ ಬೆರಳುಗಳು ದಪ್ಪ, ಗಿಡ್ಡ, ತುದಿಯಲ್ಲಿ ಬೋಳು ಮೊನೆ, ನೋಡಲು ಕಾಗೆಯ ಕಾಲಿನಂತೆ. ಎಲೆಯ ಫೋಟೊ ಮಾತ್ರ ಇದ್ದರೆ ಎರಡನ್ನೂ ಬೇರ್ಪಡಿಸುವುದು ಕಷ್ಟ.

ಜೇಕು ಹುಲ್ಲಿನಂತೆ ಕಂಡರೂ ಹುಲ್ಲಲ್ಲ. ಅದರ ದಂಟನ್ನು ಎರಡು ಬೆರಳ ನಡುವೆ ಹೊರಳಿಸಿ ನೋಡಿ, ಮೂರು ಮೂಲೆ ಸಿಗುತ್ತದೆ. ಹುಲ್ಲಿನ ಕಾಂಡ ದುಂಡಗೆ ಅಥವಾ ಚಪ್ಪಟೆಯಾಗಿದ್ದು ಗಿಣ್ಣು ಇರುತ್ತದೆ. ಕ್ಯಾಮೆರಾ ಹೇಳದ್ದನ್ನು ಬೆರಳು ಹೇಳುತ್ತದೆ. ಅದನ್ನು ಫೋಟೊ ಜೊತೆ ಬರೆದಿಡಿ.

ಸಾಧಾರಣ ಫೋನ್‌ನಲ್ಲೂ ಸ್ಪಷ್ಟ ಫೋಟೊ

- ತೀರಾ ಹತ್ತಿರ ಹೋಗಬೇಡಿ. ಸುಮಾರು 10 ಸೆಂಟಿಮೀಟರಿಗಿಂತ ಹತ್ತಿರ ಹೋದರೆ ಬಹುತೇಕ ಫೋನ್‌ಗಳ ಮುಖ್ಯ ಲೆನ್ಸ್ ಫೋಕಸ್ ಆಗುವುದಿಲ್ಲ. ಒಂದು ಗೇಣು ದೂರದಿಂದ ಎರಡು ಪಟ್ಟು ಜೂಮ್ ಮಾಡಿ ತೆಗೆದದ್ದು ಹೆಚ್ಚು ಸ್ಪಷ್ಟವಾಗಿರುತ್ತದೆ.
- ಪರದೆಯಲ್ಲಿ ಹೂವಿನ ಮೇಲೆ ಬೆರಳಿಟ್ಟು ಫೋಕಸ್ ಮಾಡಿ. ಇಲ್ಲದಿದ್ದರೆ ಫೋನು ಹಿಂದಿನ ಗೋಡೆಯನ್ನು ಆರಿಸಿಕೊಳ್ಳುತ್ತದೆ.
- ಹುಲ್ಲಿನಂಥ ತೆಳು ಗಿಡಕ್ಕೆ ಹಿಂದೆ ಒಂದು ನೋಟ್‌ಬುಕ್ ಅಥವಾ ಕೈ ಹಿಡಿಯಿರಿ. ಹಿನ್ನೆಲೆ ಸರಳವಾದರೆ ಫೋಕಸ್ ಸುಲಭ.
- ನೆತ್ತಿ ಬಿಸಿಲಿದ್ದರೆ ಛತ್ರಿಯ ನೆರಳು ಹಿಡಿಯಿರಿ. ಬಿಳಿ ಹೂವಿನ ವಿವರ ಬಿಸಿಲಲ್ಲಿ ಸುಟ್ಟುಹೋದಂತೆ ಬರುತ್ತದೆ.
- ಪೋರ್ಟ್ರೇಟ್ ಮೋಡ್, ಫಿಲ್ಟರ್ ಬೇಡ. ಪೋರ್ಟ್ರೇಟ್ ಮೋಡ್ ಎಲೆಯ ಅಂಚನ್ನೇ ಮಸುಕು ಮಾಡುತ್ತದೆ, ಫಿಲ್ಟರ್ ನೀಲಿಯನ್ನು ನೇರಳೆ ಮಾಡುತ್ತದೆ.
- ಹೂವು ಕೀಳುವ ಅಗತ್ಯ ಇಲ್ಲ. ಬಗ್ಗಿ ತೆಗೆಯಿರಿ.

ಒಂದೇ ಥರ ಕಾಣುವ ಗಿಡಗಳು: ಅಪಾಯ ಇರುವುದು ಇಲ್ಲಿ

ಗೋಳಿ ಪಲ್ಲೆ. ಇದು ಕಲ್ಯಾಣ ಕರ್ನಾಟಕದ ಅಡುಗೆಮನೆಗಳಿಗೆ ಹಳೆಯ ಪರಿಚಯ. ಇದರಲ್ಲಿ ಒಮೆಗಾ-3 ಕೊಬ್ಬಿನಾಮ್ಲ ಇದೆ ಎಂಬ ಫಾರ್ವರ್ಡ್‌ನಲ್ಲಿ ಸತ್ಯಾಂಶವಿದೆ. ಆದರೆ ಹಾಗೆಯೇ ನೆಲಕ್ಕೆ ಹಬ್ಬುವ, ಕೆಂಪು ದಂಟಿನ, ಚಿಕ್ಕ ಎಲೆಯ ಹಾಲುಗಿಡಗಳೂ ಪಕ್ಕದಲ್ಲೇ ಬೆಳೆಯುತ್ತವೆ. ಮೇಲಿನಿಂದ ತೆಗೆದ ಫೋಟೊದಲ್ಲಿ ಎರಡೂ ಒಂದೇ ಥರ. ಗೋಳಿ ಪಲ್ಲೆಯ ದಂಟು ಮತ್ತು ಎಲೆ ರಸಭರಿತ, ದಪ್ಪ. ದಂಟು ಮುರಿದರೆ ನೀರಿನಂಥ ರಸ ಬರುತ್ತದೆ. ಹಾಲುಗಿಡದ ದಂಟು ತೆಳು, ಮುರಿದರೆ ಬಿಳಿ ಹಾಲು. ಹಾಲು ಬಂದರೆ ಅದು ಗೋಳಿ ಪಲ್ಲೆ ಅಲ್ಲ, ತಿನ್ನಬಾರದು.

ನೆಲನೆಲ್ಲಿ. ಕಾಮಣಿಗೆ ಇದೇ ಔಷಧಿ ಎಂಬ ಮೆಸೇಜ್‌ಗಳಲ್ಲಿ ನೆಲನೆಲ್ಲಿಯ ಹೆಸರಿನಲ್ಲಿ ಅದರ ದಾಯಾದಿ ಗಿಡಗಳ ಫೋಟೊ ಸೇರಿಕೊಳ್ಳುವುದು ಸುಲಭ. ವ್ಯತ್ಯಾಸ ಇರುವುದು ಎಲೆಯ ಕೆಳಗಿನ ಕಾಯಿಯಲ್ಲಿ. ಒಂದರ ಕಾಯಿ ನುಣುಪು, ಸಣ್ಣ ತೊಟ್ಟಿನದು. ಇನ್ನೊಂದರದು ಒರಟು, ತೊಟ್ಟೇ ಇಲ್ಲವೆನ್ನುವಷ್ಟು ಗಿಡ್ಡ. ಮೇಲಿನಿಂದ ತೆಗೆದ ಫೋಟೊದಲ್ಲಿ ಕಾಯಿಯೇ ಕಾಣುವುದಿಲ್ಲ. ಗಿಡ ಸರಿಯಾಗಿದ್ದರೂ ಪ್ರಶ್ನೆ ಮುಗಿಯುವುದಿಲ್ಲ. ನೆಲನೆಲ್ಲಿ ಕುಲದ ಔಷಧಿಗಳು ದೀರ್ಘಕಾಲದ ಹೆಪಟೈಟಿಸ್ ಬಿ ರೋಗಿಗಳಿಗೆ ಉಪಯೋಗವಾಗುತ್ತವೆ ಎನ್ನಲು ಮನವರಿಕೆಯಾಗುವ ಪುರಾವೆ ಇಲ್ಲ ಎಂದು 2011ರ ಕಾಕ್ರೇನ್ ಪರಿಶೀಲನೆ ಹೇಳಿತು. ಕಾಮಣಿ ಒಂದು ರೋಗವಲ್ಲ, ಲಕ್ಷಣ. ವೈರಸ್, ಪಿತ್ತಕೋಶದ ಕಲ್ಲು, ಔಷಧಿಯ ಅಡ್ಡಪರಿಣಾಮ ಹೀಗೆ ಕಾರಣ ಹಲವು. ಮೊದಲು ರಕ್ತಪರೀಕ್ಷೆ ಆಗಬೇಕು.

ಬಿಳಿ ತುತ್ತೂರಿ ಹೂವುಗಳು. ದತ್ತೂರದ ಹೂವು ಫೋಟೊದಲ್ಲಿ ಕೆಲವು ನಿರುಪದ್ರವಿ ಬಳ್ಳಿಗಳ ಹೂವಿನಂತೆಯೇ ಕಾಣುತ್ತದೆ. ಹೂವಿಲ್ಲದ ಎಳೆಯ ದತ್ತೂರವನ್ನು ಸೊಪ್ಪೆಂದು ತಿಂದು ಆಸ್ಪತ್ರೆ ಸೇರಿದವರಿದ್ದಾರೆ. ಬಾಯಿ ಒಣಗುವುದು, ಕಣ್ಣಿನ ಪಾಪೆ ಹಿಗ್ಗುವುದು, ಎದೆಬಡಿತ ಏರುವುದು, ಗೊಂದಲದ ಮಾತು ಇದರ ಲಕ್ಷಣಗಳು. ಇಂಥ ಅನುಮಾನ ಬಂದರೆ ಮನೆಮದ್ದು ಬೇಡ. 108ಕ್ಕೆ ಕರೆ ಮಾಡಿ, ಗಿಡದ ಒಂದು ತುಂಡನ್ನು ಆಸ್ಪತ್ರೆಗೆ ಒಯ್ಯಿರಿ.

ಅರಿಶಿನ ದತ್ತೂರಿ. ಮುಳ್ಳಿನ ಎಲೆ, ಹಳದಿ ಹೂವು, ಮುರಿದರೆ ಹಳದಿ ರಸ. ಫೋಟೊಗೆ ಚೆಂದದ ಗಿಡ. ಆದರೆ ಇದರ ಬೀಜ ಸಾಸಿವೆಯನ್ನು ಹೋಲುತ್ತದೆ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಇದರ ಎಣ್ಣೆ ಬೆರೆತು 60ಕ್ಕೂ ಹೆಚ್ಚು ಜನ ಸತ್ತರು.

ಆ್ಯಪ್ ಹೇಳಿದ್ದನ್ನು ನಂಬಬಹುದೆ?

ಗೂಗಲ್ ಲೆನ್ಸ್‌ನಂಥವು ನಿಮ್ಮ ಫೋಟೊವನ್ನು ಇಂಟರ್ನೆಟ್‌ನಲ್ಲಿರುವ ಚಿತ್ರಗಳ ಜೊತೆ ಹೋಲಿಸಿ ಹತ್ತಿರದ ಹೆಸರು ಕೊಡುತ್ತವೆ. ತೋಟದಲ್ಲಿ ಬೆಳೆಸುವ ಜನಪ್ರಿಯ ಹೂವುಗಳಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮ ಒಣಭೂಮಿಯ ಹುಲ್ಲು, ಸಣ್ಣ ಕಳೆಗಳ ಚಿತ್ರಗಳು ಕಡಿಮೆ ಇರುವುದರಿಂದ ತಪ್ಪು ಹೆಚ್ಚು. ಉತ್ತರ ತಪ್ಪಿದ್ದರೂ ಅದು ಅಳುಕಿಲ್ಲದೆ ಹೇಳಿದಂತೆಯೇ ಕಾಣುತ್ತದೆ.

ಮೇಲಿನ ಹಂತ ಎಂದರೆ ಜನ ಪರಿಶೀಲಿಸುವ ತಾಣಗಳು. ಐನ್ಯಾಚುರಲಿಸ್ಟ್ ಮತ್ತು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಎರಡೂ ಶುರುವಾದದ್ದು 2008ರಲ್ಲಿ, ಎರಡೂ ಉಚಿತ. ನೀವು ಫೋಟೊ, ದಿನಾಂಕ, ಸ್ಥಳ ಹಾಕಿದರೆ ಬಲ್ಲವರು ಹೆಸರು ಸೂಚಿಸುತ್ತಾರೆ. ಐನ್ಯಾಚುರಲಿಸ್ಟ್‌ನಲ್ಲಿ ಫೋಟೊ, ದಿನಾಂಕ, ಸ್ಥಳ ಮೂರೂ ಇದ್ದು, ಹೆಸರು ಹೇಳಿದವರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಜನ ಒಪ್ಪಿದರೆ ಮಾತ್ರ ಅದು ಸಂಶೋಧನಾ ದರ್ಜೆಗೆ ಏರುತ್ತದೆ. ಕುಂಡದಲ್ಲಿ ನೆಟ್ಟ ಗಿಡವಾದರೆ 'ಬೆಳೆಸಿದ್ದು' ಎಂದು ಗುರುತು ಹಾಕಿ.

ನಮ್ಮ ಜಿಲ್ಲೆಗೆ ಇನ್ನೊಂದು ಆಧಾರವೂ ಇದೆ. ವೈ.ಎನ್. ಸೀತಾರಾಮ್, ಕೆ. ಕೊಟ್ರೇಶ, ಎಸ್.ಬಿ. ಉಪ್ಲಾಂವಕರ್ ಅವರ 'ಫ್ಲೋರಾ ಆಫ್ ಗುಲ್ಬರ್ಗ ಡಿಸ್ಟ್ರಿಕ್ಟ್' ಗ್ರಂಥವನ್ನು ಗುಲ್ಬರ್ಗ ವಿಶ್ವವಿದ್ಯಾಲಯ 2000ದಲ್ಲಿ ಪ್ರಕಟಿಸಿತು. ಆ್ಯಪ್ ಕೊಟ್ಟ ಹೆಸರು ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಎರಡನೇ ಸಲ ಯೋಚಿಸಿ: ಆ್ಯಪ್ ತಪ್ಪಿರಬಹುದು, ಇಲ್ಲವೇ ಗಿಡ ಹೊಸದಾಗಿ ಬಂದಿರಬಹುದು. ಎರಡನೆಯದಾದರೆ ನಿಮ್ಮ ಫೋಟೊಗೆ ಬೆಲೆ ಹೆಚ್ಚು.

ದಿನಾಂಕ, ಸ್ಥಳ ಏಕೆ ಮುಖ್ಯ? ಕಾಂಗ್ರೆಸ್ ಕಸದ ಉದಾಹರಣೆ

ಸ್ಟೇಶನ್ ಬಜಾರದಿಂದ ಕಮಲಾಪುರದವರೆಗೆ ಎಲ್ಲೆಡೆ ಕಾಣುವ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಕಸ, 1950ರ ದಶಕದಲ್ಲಿ ಅಮೆರಿಕದ ಗೋಧಿಯ ಜೊತೆ ಮೊದಲ ಬಾರಿಗೆ ಭಾರತಕ್ಕೆ ಬಂತು ಎಂದು ಎಲ್ಲರೂ ಕೇಳಿದ್ದೇವೆ. ಆ ದಶಕದಲ್ಲಿ ಪುಣೆಯಲ್ಲಿ ಅದು ಕಂಡುಬಂದು ವರದಿಯಾದದ್ದು ನಿಜ. ಆದರೆ ಕಲ್ಕತ್ತಾ ಸಸ್ಯೋದ್ಯಾನದ ಗಿಡಗಳ ಬಗ್ಗೆ ವಿಲಿಯಂ ರಾಕ್ಸ್‌ಬರ್ಗ್ ಮಾಡಿದ 1814ರ ಪಟ್ಟಿಯಲ್ಲೇ ಈ ಗಿಡದ ಹೆಸರಿದೆ. ಗೋಧಿಯ ಜೊತೆ ಬೀಜ ಬಂದು ಹರಡುವಿಕೆ ಹೆಚ್ಚಿರಬಹುದು. 'ಮೊದಲ ಬಾರಿಗೆ' ಎಂಬುದು ಮಾತ್ರ ನಿಲ್ಲುವುದಿಲ್ಲ. ಇದನ್ನು ತೀರ್ಮಾನಿಸಿದ್ದು ದಿನಾಂಕವಿರುವ ಒಂದು ದಾಖಲೆ.

ಇದರ ಎಲೆ ತೂತಾಗಿ, ಮೇಲೆ ಕಂದು ಗೆರೆಗಳ ಪುಟ್ಟ ಜೀರುಂಡೆ ಕಂಡರೆ ಅದನ್ನೂ ಸೆರೆಹಿಡಿಯಿರಿ. ಈ ಕಳೆಯ ಹತೋಟಿಗೆಂದು ಮೆಕ್ಸಿಕೊದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಜೀರುಂಡೆ ಅದಾಗಿರಬಹುದು.

ಈಗ ವಾಟ್ಸಾಪ್ ವಿಷಯಕ್ಕೆ ಬರೋಣ. ಫೋನ್ ತೆಗೆದ ಫೋಟೊದ ಫೈಲಿನೊಳಗೆ ಸಮಯ ಇರುತ್ತದೆ, ಲೊಕೇಶನ್ ಆನ್ ಇದ್ದರೆ ಜಾಗವೂ ಇರುತ್ತದೆ. ಅದನ್ನು ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೊ ಆಗಿ ಕಳಿಸಿದಾಗ ಈ ಮಾಹಿತಿ ಅಳಿಯುತ್ತದೆ, ಚಿತ್ರದ ಗುಣಮಟ್ಟವೂ ಇಳಿಯುತ್ತದೆ. ಹಾಗಾಗಿ "ನಿನ್ನೆ ಕಲಬುರಗಿಯಲ್ಲಿ ಕಂಡ ಅಪರೂಪದ ಹೂವು" ಎಂಬ ಫಾರ್ವರ್ಡ್ ನಿನ್ನೆಯದೂ, ಕಲಬುರಗಿಯದೂ ಎನ್ನಲು ಆ ಫೋಟೊದಲ್ಲಿ ಯಾವ ಆಧಾರವೂ ಉಳಿದಿರುವುದಿಲ್ಲ. ಗಿಡ ಬಲ್ಲವರಿಗೆ ಕಳಿಸುವಾಗ 'ಡಾಕ್ಯುಮೆಂಟ್' ಆಗಿ ಕಳಿಸಿ, ಮಾಹಿತಿ ಉಳಿಯುತ್ತದೆ. ಅದೇ ಕಾರಣಕ್ಕೆ, ಮನೆಯಂಗಳದ ಫೋಟೊವನ್ನು ಅಪರಿಚಿತರ ಗ್ರೂಪಿಗೆ ಡಾಕ್ಯುಮೆಂಟ್ ಆಗಿ ಹಾಕಬೇಡಿ. ನಿಮ್ಮ ಮನೆಯ ಜಾಗವೂ ಜೊತೆಗೆ ಹೋಗುತ್ತದೆ.

ಫೋಟೊ ತೆಗೆಯುವಾಗ ಸುರಕ್ಷತೆ

- ಎಕ್ಕೆಯ ಹಾಲು ಕಣ್ಣಿಗೆ ಬಿದ್ದರೆ ಪಾರದರ್ಶಕ ಪಟಲಕ್ಕೆ ಹಾನಿಯಾಗುತ್ತದೆ. ನೋವು ಕಡಿಮೆ ಇದ್ದರೂ ನಿರ್ಲಕ್ಷಿಸಬೇಡಿ. ಶುದ್ಧ ನೀರಿನಿಂದ ಚೆನ್ನಾಗಿ ತೊಳೆದು ಕೂಡಲೇ ಕಣ್ಣಿನ ವೈದ್ಯರ ಬಳಿ ಹೋಗಿ.
- ಕಾಂಗ್ರೆಸ್ ಕಸ ಕೆಲವರಿಗೆ ಚರ್ಮದ ಅಲರ್ಜಿ, ಸೀನು, ಉಬ್ಬಸ ತರುತ್ತದೆ. ಅಂಥವರು ಅದರ ನಡುವೆ ಕೂರಬಾರದು.
- ಹಾವು: ಎತ್ತರದ ಹುಲ್ಲಿನೊಳಗೆ ಕೈ ಹಾಕುವ ಮುನ್ನ ಕೋಲಿನಿಂದ ಸರಿಸಿ ನೋಡಿ, ಬೂಟು ಹಾಕಿ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಬೇಡ. ಕಚ್ಚಿದ ಅಂಗ ಅಲುಗಾಡದಂತೆ ಇಟ್ಟು ಆಸ್ಪತ್ರೆಗೆ ಹೋಗಿ.
- ಬೇರೆಯವರ ಹೊಲ: ಕೇಳಿ ಒಳಗೆ ಹೋಗಿ. ಗಿಡದ ಊರಿನ ಹೆಸರನ್ನು ಅವರಿಂದಲೇ ಕೇಳಿ ಬರೆದುಕೊಳ್ಳಿ. ಒಂದೇ ಗಿಡಕ್ಕೆ ಕಮಲಾಪುರದಲ್ಲಿ ಒಂದು, ಮೈಸೂರಿನಲ್ಲಿ ಇನ್ನೊಂದು ಹೆಸರಿರಬಹುದು. ಅದೂ ದಾಖಲೆಯೇ.
- ಚಿಂಚೋಳಿ ವನ್ಯಜೀವಿ ಧಾಮ: ಹೋದರೆ ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ. ಅಲ್ಲಿ ಗಿಡ ಕೀಳುವಂತಿಲ್ಲ.

ಗಿಡದ ಫೋಟೊ ಫಾರ್ವರ್ಡ್ ಮಾಡುವ ಮುನ್ನ ಕೇಳಬೇಕಾದ ನಾಲ್ಕು ಪ್ರಶ್ನೆ

1. ಫೋಟೊ ಎಲ್ಲಿ, ಯಾವಾಗ ತೆಗೆದದ್ದು ಎಂದು ಕಳಿಸಿದವರಿಗೆ ಗೊತ್ತೆ?
2. ಹೂವು ಬಿಟ್ಟು ಎಲೆ, ಕಾಯಿ, ಇಡೀ ಗಿಡ ಕಾಣುತ್ತಿದೆಯೆ?
3. ಹೆಸರು ಹೇಳಿದವರು ಯಾರು? ಆ್ಯಪ್ಪೋ, ಗಿಡ ಬಲ್ಲವರೋ?
4. ಇದನ್ನು ನಂಬಿ ಯಾರಾದರೂ ತಿಂದರೆ, ಅಥವಾ ನುಂಗುತ್ತಿರುವ ಮಾತ್ರೆ ನಿಲ್ಲಿಸಿದರೆ ಏನಾಗುತ್ತದೆ?

ನಾಲ್ಕನೆಯದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಆ ಮೆಸೇಜ್ ನಿಮ್ಮಲ್ಲೇ ನಿಲ್ಲಲಿ. ಗ್ರೂಪಿಗೆ ಏನಾದರೂ ಹಾಕಲೇಬೇಕೆಂದರೆ ನಾಳೆ ಬೆಳಿಗ್ಗೆ ನಿಮ್ಮ ಓಣಿಯಲ್ಲಿ ಅರಳಿದ ಒಂದು ಕಳೆಗಿಡದ ಐದು ಫೋಟೊ ತೆಗೆದು, ದಿನಾಂಕ, ಜಾಗ ಬರೆದು ಹಾಕಿ. ಹೆಸರು ಗೊತ್ತಿಲ್ಲದಿದ್ದರೆ "ಹೆಸರು ಗೊತ್ತಿಲ್ಲ, ಬಲ್ಲವರು ಹೇಳಿ" ಎಂದೇ ಬರೆಯಿರಿ.